ಕುದುರೆ, ಕೋವಿ, ನಡುವೆ 700 ಗಾಡಿ

ಭಾನುವಾರದ ಮಧ್ಯಾಹ್ನ. ದೆಹಲಿಯ ದ್ವಾರಕಾದಲ್ಲೋ ಪಕ್ಕದ ಗುರುಗ್ರಾಮದಲ್ಲೋ ಒಂದು ಅಪಾರ್ಟ್‌ಮೆಂಟು. ಹೊರಗೆ ದೆಹಲಿಯ ಸುಡುಬಿಸಿಲು, ಒಳಗೆ ಪರದೆ ಎಳೆದ ಕೋಣೆ. ಲ್ಯಾಪ್‌ಟಾಪಿನ ತೆರೆಯ ಮೇಲೆ ಒಣಗಿದ ಹಳದಿ ಬಯಲು ಹರಡಿಕೊಂಡಿದೆ. ಬಿಲ್ಲು ಹಿಡಿದ ಸವಾರರು ಧೂಳೆಬ್ಬಿಸುತ್ತ ಬಂದು ಬಾಣ ಬಿಟ್ಟು, ಎದುರಾಳಿ ಕೈಗೆ ಸಿಗುವ ಮೊದಲೇ ಹಿಂದೆ ಸರಿದು, ತಿರುಗಿ ಮತ್ತೆ ಬಾಣ ಬಿಡುತ್ತಾರೆ. ಆಡುವ ಹುಡುಗನ ಬೆರಳು ಮೌಸಿನ ಮೇಲೆ ಕ್ಷಣವೂ ನಿಲ್ಲುವುದಿಲ್ಲ. ಎದುರಾಳಿ ಬೆಂಗಳೂರಿನಲ್ಲಿ ಕೂತ ದೊಡ್ಡಪ್ಪನ ಮಗ. ಅವನ ಕೋವಿಯವರು ಮರಗಳ ಅಂಚಿನಲ್ಲಿ ಸಾಲುಗಟ್ಟಿದ್ದಾರೆ. ಒಮ್ಮೆಗೇ ಹೊಗೆ, ಸದ್ದು. ಅರ್ಧ ಕುದುರೆಗಳು ನೆಲಕ್ಕೆ.

“ಅಣ್ಣಾ, ಇದು ಮೋಸ. ಕೋವಿಗೆ ಇಷ್ಟು ಪವರ್ ಕೊಟ್ರೆ ಕುದುರೆ ಯಾಕೆ ಸಾಕ್ಬೇಕು?” ಎಂದು ಇವನು ಕೂಗುತ್ತಾನೆ. “ಹೋದ ವಾರ ನಿನ್ನ ಕುದುರೆಗಳು ನನ್ನ ಊರನ್ನೇ ಸುಟ್ಟಾಗ ಮೋಸ ಅನ್ನಿಸ್ಲಿಲ್ವೇನೋ?” ಎಂದು ಅತ್ತಲಿಂದ ಉತ್ತರ.

ಚರಿತ್ರೆಯನ್ನು ಆಧರಿಸಿದ ತಂತ್ರದ ಆಟಗಳನ್ನು ಆಡುವ ಮನೆಗಳಲ್ಲೆಲ್ಲ ಈ ಜಗಳ ಇದೆ. ಅಲೆಮಾರಿ ಸವಾರರ ಸೇನೆಗೂ ಮದ್ದಿನ ಆಯುಧಗಳಿಗೂ ನಡುವೆ ಸರಿತೂಕ ತರುವುದು ಆಟ ರೂಪಿಸುವವರಿಗೆ ಹಳೆಯ ತಲೆನೋವು. ಕುದುರೆಯ ಬಲ ಹೆಚ್ಚಿಸಿದರೆ ಎಲ್ಲರೂ ಮಂಗೋಲರ ಪಕ್ಷವನ್ನೇ ಆರಿಸಿಕೊಳ್ಳುತ್ತಾರೆ. ಕೋವಿಯ ಬಲ ಹೆಚ್ಚಿಸಿದರೆ ಅದು ಕೈಗೆ ಬಂದ ಗಳಿಗೆಯಲ್ಲೇ ಆಟದ ಸ್ವಾರಸ್ಯ ಮುಗಿಯುತ್ತದೆ.

ದೆಹಲಿಯಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಉತ್ತರಕ್ಕೆ ಸುಮಾರು 90 ಕಿ.ಮೀ. ಹೋದರೆ ಪಾಣಿಪತ್. ಅದರಾಚೆ ಕರ್ನಾಲ್. ಯಮುನೆಯ ಪೂರ್ವ ದಡದಲ್ಲಿ ಬಾಗ್‌ಪತ್, ಪಟ್‌ಪರ್‌ಗಂಜ್, ನೋಯ್ಡಾ. ಇಂದು ರಾಷ್ಟ್ರ ರಾಜಧಾನಿ ಪ್ರದೇಶ ಎನಿಸಿಕೊಂಡಿರುವ ಈ ನೆಲದಲ್ಲಿ ಕುದುರೆಯ ಬಲವನ್ನೂ ಮುಂದೆ ಮದ್ದಿನ ಬಲವನ್ನೂ ಒರೆಗೆ ಹಚ್ಚಿದ ಕದನಗಳು ಐದು ಶತಮಾನ ನಡೆದಿವೆ. ಆ ಇಬ್ಬರು ಹುಡುಗರ ಜಗಳಕ್ಕೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ತೆರೆಯ ಮೇಲಿನ ದೆಹಲಿ

ದೆಹಲಿಗೆ ಈ ಆಟಗಳಲ್ಲಿ ಆಗಲೇ ಜಾಗ ಸಿಕ್ಕಿದೆ. 2021ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 4’ರಲ್ಲಿ ದೆಹಲಿ ಸುಲ್ತಾನರೂ ಇದ್ದಾರೆ, ಮಂಗೋಲರೂ ಇದ್ದಾರೆ. ಅದರ ಹಿರಿಯಣ್ಣನಾದ 1999ರ ‘ಏಜ್ ಆಫ್ ಎಂಪೈರ್ಸ್ 2’ಕ್ಕೆ 2022ರಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಹೊಸ ಭಾಗ ಸೇರಿತು. ಅದರಲ್ಲಿ ಬಾಬರನ ಬದುಕೇ ಒಂದು ಕಥಾಸರಣಿ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಯುರೋಪಾ ಯೂನಿವರ್ಸಾಲಿಸ್ 4’ 1444ರಲ್ಲಿ ಶುರುವಾಗಿ 1821ರವರೆಗೆ ನಡೆಯುತ್ತದೆ. ಅಲ್ಲಿ ತೈಮೂರನ ವಂಶದವರಾಗಿ ಆಟ ಆರಂಭಿಸಿ ಮೊಘಲ್ ಸಾಮ್ರಾಜ್ಯ ಕಟ್ಟಬಹುದು.

ಕುದುರೆ ಮತ್ತು ಕೋವಿಯ ತೂಕವನ್ನು ಇವು ಬೇರೆಬೇರೆ ಬಗೆಯಲ್ಲಿ ಹೊಂದಿಸುತ್ತವೆ. ಮಕ್ಕಳು ಆಡುವ ಸ್ಟೋನ್-ಪೇಪರ್-ಸಿಸರ್ಸ್ ಲೆಕ್ಕ ಎಲ್ಲಕ್ಕಿಂತ ಹಳೆಯದು. ಈಟಿಯವನು ಕುದುರೆಯನ್ನು ಕೆಡವುತ್ತಾನೆ, ಕುದುರೆ ಬಿಲ್ಲುಗಾರನನ್ನು ತುಳಿಯುತ್ತದೆ, ಬಿಲ್ಲುಗಾರ ಈಟಿಯವನನ್ನು ಹೊಡೆಯುತ್ತಾನೆ. ಒಬ್ಬೊಬ್ಬರಿಗೂ ಒಂದೊಂದು ಬಗೆಯ ಶತ್ರುವಿನ ಮೇಲೆ ಹೆಚ್ಚುವರಿ ಪೆಟ್ಟಿನ ಅಂಕ. ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಮಂಗೋಲರ ‘ಮಂಗುದಾಯ್’ ಎಂಬ ಕುದುರೆ ಬಿಲ್ಲುಗಾರನಿಗೆ ತೋಪು, ಕಲ್ಲೆಸೆಯುವ ಯಂತ್ರಗಳ ಮೇಲೆ ಈ ಹೆಚ್ಚುವರಿ ಬಲವಿದೆ. ಕೋವಿಯವನಿಗೆ ಅದು ಇರುವುದು ಕಾಲಾಳುಗಳ ಮೇಲೆ. ಕುದುರೆಯನ್ನು ಕೊಲ್ಲಲೆಂದೇ ಕೋವಿ ಬಂತು ಎಂದು ಆ ಆಟ ಹೇಳುವುದಿಲ್ಲ.

‘ಯುರೋಪಾ ಯೂನಿವರ್ಸಾಲಿಸ್’ ಕದನವನ್ನು ಎರಡು ಹಂತಗಳಾಗಿ ಒಡೆಯುತ್ತದೆ. ಮೂರು ದಿನ ಗುಂಡಿನ ಹಂತ, ಮುಂದಿನ ಮೂರು ದಿನ ಕೈಕೈ ಮಿಲಾಯಿಸುವ ಹಂತ, ಮತ್ತೆ ಗುಂಡು. ಕುದುರೆಯ ಬಲವೆಲ್ಲ ಎರಡನೆಯ ಹಂತದಲ್ಲಿ. ಶತಮಾನಗಳು ಉರುಳಿದಂತೆ ಗುಂಡಿನ ಹಂತದ ತೂಕ ಏರುತ್ತ ಹೋಗುತ್ತದೆ. ಹಾಗಾಗಿ ಅಲೆಮಾರಿ ರಾಜ್ಯಗಳು ಮೊದಲ ದಶಕಗಳಲ್ಲಿ ಬಿರುಗಾಳಿಯಾಗಿ ಬಂದು ಆಮೇಲೆ ತಣ್ಣಗಾಗುತ್ತವೆ. 2015ರಲ್ಲಿ ಈ ಆಟಕ್ಕೆ ಸೇರಿದ ಭಾಗವೊಂದು ಅವುಗಳಿಗೆ ಇನ್ನೊಂದು ಒತ್ತಡ ತಂದಿತು: ಕೊಳ್ಳೆ ಹೊಡೆಯುತ್ತ ಇರದಿದ್ದರೆ ಬುಡಕಟ್ಟುಗಳ ಒಗ್ಗಟ್ಟು ಸಡಿಲವಾಗುತ್ತದೆ.

‘ಏಜ್ ಆಫ್ ಎಂಪೈರ್ಸ್ 4’ ಸೈನಿಕನನ್ನು ಬಿಟ್ಟು ಸಮಾಜವನ್ನೇ ಬೇರೆ ಮಾಡಿದೆ. ಅಲ್ಲಿ ಮಂಗೋಲರು ಕೋಟೆಗೋಡೆ ಕಟ್ಟುವಂತಿಲ್ಲ. ಆದರೆ ಕಟ್ಟಡಗಳನ್ನೇ ಗಾಡಿಗೆ ಹೇರಿಕೊಂಡು ಬೇರೆಡೆ ಬಿಡಾರ ಹೂಡಬಹುದು, ಶತ್ರುವಿನ ಮನೆ ಸುಟ್ಟರೆ ಆದಾಯವೂ ಬರುತ್ತದೆ. ದೆಹಲಿ ಸುಲ್ತಾನರಿಗೆ ಹೊಸ ವಿದ್ಯೆಗಳು ಖರ್ಚಿಲ್ಲದೆ ಸಿಗುತ್ತವೆ, ಆದರೆ ನಿಧಾನವಾಗಿ. ಒಬ್ಬರಿಗೆ ಜಾಗದ ಸ್ವಾತಂತ್ರ್ಯ, ಇನ್ನೊಬ್ಬರಿಗೆ ಕಾಲದ ಸಾಲ. ಈ ದೆಹಲಿ ಬಯಲಿನಲ್ಲಿ ನಿಜವಾಗಿ ನಡೆದದ್ದಕ್ಕೆ ಹತ್ತಿರವಾದ ದಾರಿ ಇದೇ. ಯಾಕೆಂದು ತಿಳಿಯಲು ಮೊದಲು ಆಯುಧಗಳನ್ನೇ ನೋಡಬೇಕು.

ಆರು ಬಾಣ, ಎರಡು ಗುಂಡು

17ನೇ ಶತಮಾನದ ನಡುಭಾಗದಲ್ಲಿ ಮೊಘಲರ ಆಸ್ಥಾನದಲ್ಲಿದ್ದ ಫ್ರೆಂಚ್ ವೈದ್ಯ ಫ್ರಾನ್ಸ್ವಾ ಬರ್ನಿಯರ್ ಒಂದು ಲೆಕ್ಕ ಬರೆದಿಟ್ಟಿದ್ದಾನೆ: ಕೋವಿಯವನು ಎರಡು ಸಲ ಗುಂಡು ಹಾರಿಸುವಷ್ಟರಲ್ಲಿ ಸವಾರ ಆರು ಬಾಣ ಬಿಡುತ್ತಾನೆ. 1526ರ ಪಾಣಿಪತ್ತಿನ ಮೊದಲ ಕದನ ಮುಗಿದು ನೂರು ವರ್ಷ ದಾಟಿದ ಮೇಲಿನ ಮಾತು ಇದು. ಅಷ್ಟರಲ್ಲಿ ಕೋವಿ ಬಹಳ ಸುಧಾರಿಸಿತ್ತು, ಆದರೂ ಬಿಲ್ಲಿನ ವೇಗಕ್ಕೆ ಅದು ಸರಿಸಾಟಿಯಾಗಿರಲಿಲ್ಲ.

ಬತ್ತಿಯ ಕೋವಿಗೆ ಮದ್ದು ತುಂಬುವುದೇ ಒಂದು ಕೆಲಸ. ನಳಿಗೆಗೆ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಗಜದಿಂದ ಒತ್ತಿ ಕೂರಿಸಬೇಕು. ಪಕ್ಕದ ಬಟ್ಟಲಿಗೆ ನಯವಾದ ಮದ್ದು ಇಟ್ಟು, ಉರಿಯುವ ಬತ್ತಿಯನ್ನು ಸರಿಪಡಿಸಿ, ಗುರಿ ಹಿಡಿಯಬೇಕು. ಓಟ ಕಿತ್ತ ಕುದುರೆ ನೂರು ಮೀಟರ್ ದಾಟಲು ಹತ್ತು ಸೆಕೆಂಡು ಸಾಕು. ಬಯಲಿನಲ್ಲಿ ಒಂಟಿಯಾಗಿ ನಿಂತ ಕೋವಿಯವನಿಗೆ ಸಿಗುವುದು ಒಂದೇ ಗುಂಡು. ಅದು ತಪ್ಪಿದರೆ ಅವನ ಕಥೆ ಮುಗಿಯಿತು.

ದೊಡ್ಡ ತೋಪಿನ ಪಾಡು ಇನ್ನೂ ನಿಧಾನ. 1528ರಲ್ಲಿ ಗಂಗೆಗೆ ಸೇತುವೆ ಕಟ್ಟುವಾಗ ಬಾಬರನ ತೋಪುಗಾರ ಉಸ್ತಾದ್ ಅಲಿ ಕುಲಿ ಮೊದಲ ದಿನ ಎಂಟು ಕಲ್ಲುಗುಂಡು ಹಾರಿಸಿದ, ಆಮೇಲೆ ದಿನಕ್ಕೆ ಹದಿನಾರು. ಬಾಬರ್ ಇದನ್ನು ತನ್ನ ಆತ್ಮಕಥೆಯಲ್ಲಿ ಮೆಚ್ಚಿಕೊಂಡು ಬರೆದಿದ್ದಾನೆ. ಇಡೀ ಹಗಲಿಗೆ ಹದಿನಾರು ಎಂದರೆ ಆ ಕಾಲಕ್ಕೆ ಹೊಗಳಿಕೆಗೆ ತಕ್ಕ ವೇಗ.

ಹಾಗಿದ್ದೂ ಕೋವಿ ಯಾಕೆ ಉಳಿಯಿತು? ಕಾರಣ ಮನುಷ್ಯರಲ್ಲಿದೆ. ಕೊಂಬು, ಮರ, ಸ್ನಾಯುಗಳನ್ನು ಅಂಟು ಹಾಕಿ ಮಾಡಿದ ಬಿಲ್ಲನ್ನು ಓಡುವ ಕುದುರೆಯ ಮೇಲಿಂದ ಎಳೆದು ಗುರಿ ಮುಟ್ಟಿಸಲು ಬಾಲ್ಯದಿಂದ ಅಭ್ಯಾಸ ಬೇಕು. ಅಂಥ ಒಬ್ಬ ಸವಾರ ಸತ್ತರೆ ಅವನ ಜಾಗ ತುಂಬಲು ಒಂದು ತಲೆಮಾರು ಕಾಯಬೇಕು. ಕೋವಿಯನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಹೆಚ್ಚಿನ ಆಟಗಳು ಇಲ್ಲಿ ತಲೆಕೆಳಗಾಗಿವೆ: ಕೋವಿಯವನನ್ನು ದುಬಾರಿ ಸೈನಿಕನನ್ನಾಗಿಸಿ, ಅವನು ಹಾರಿಸುವ ಮದ್ದಿಗೆ ಏನೂ ಖರ್ಚಿಲ್ಲ ಎನ್ನುತ್ತವೆ. ನಿಜದಲ್ಲಿ ಆಳು ಅಗ್ಗ. ಪೆಟ್ಲುಪ್ಪು, ಗಂಧಕ, ಸೀಸ, ತಾಮ್ರ, ತೋಪು ಎಳೆಯುವ ಎತ್ತು ದುಬಾರಿ.

ಪಾಣಿಪತ್ತಿನ ಏಳೆಂಟು ದಿನ

1526ರ ಏಪ್ರಿಲ್ 21. ಶಾಲೆಯ ಪುಸ್ತಕ ಹೇಳುವುದು ಇಷ್ಟು: ಬಾಬರನ ಬಳಿ ತೋಪು ಇತ್ತು, ಇಬ್ರಾಹಿಂ ಲೋದಿಯ ಬಳಿ ಇರಲಿಲ್ಲ, ಬಾಬರ್ ಗೆದ್ದ. ಆಟಗಳೂ ಈ ಸಾರಾಂಶವನ್ನೇ ನೆಚ್ಚಿಕೊಂಡಿವೆ. ಆದರೆ ಬಾಬರ್ ತಾನೇ ಚಗತಾಯಿ ತುರ್ಕಿ ಭಾಷೆಯಲ್ಲಿ ಬರೆದ ವಿವರ ಓದಿದರೆ ತೋಪಿಗಿಂತ ಗಾಡಿ, ಹಗ್ಗ, ಹಳ್ಳಗಳ ಮಾತೇ ಹೆಚ್ಚು.

ಬಾಬರ್ ಪಾಣಿಪತ್ ತಲುಪಿದ್ದು ಏಪ್ರಿಲ್ 12ಕ್ಕೆ. ಅಷ್ಟರಲ್ಲಿ ಸೈನಿಕರಿಗೆ ಗಾಡಿ ತರಲು ಆಜ್ಞೆಯಾಗಿ 700 ಗಾಡಿಗಳು ಸೇರಿದ್ದವು. ತುರ್ಕಿಯ ಉಸ್ಮಾನಿ ದಂಡಿನ ಪದ್ಧತಿಯಂತೆ ಅವನ್ನು ಹಸಿ ಚರ್ಮದ ಹುರಿಗಳಿಂದ ಒಂದಕ್ಕೊಂದು ಬಿಗಿದರು. ಎರಡು ಗಾಡಿಗಳ ನಡುವೆ ಐದಾರು ಮರೆಹಲಗೆ, ಅವುಗಳ ಹಿಂದೆ ಕೋವಿಯವರು. ಬಲಕ್ಕೆ ಪಾಣಿಪತ್ ಊರಿನ ಮನೆಗಳು, ಎಡಕ್ಕೆ ಅಗೆದ ಹಳ್ಳ ಮತ್ತು ಕಡಿದು ಹಾಕಿದ ಮರದ ಕೊಂಬೆಗಳು.

ಈ ಸಾಲಿನಲ್ಲಿ ಅಲ್ಲಲ್ಲಿ, ಬಾಣ ಹೋಗುವಷ್ಟು ಅಂತರಕ್ಕೊಂದು, ನೂರಿನ್ನೂರು ಸವಾರರು ಒಟ್ಟಿಗೆ ಹೊರಗೆ ನುಗ್ಗಬಹುದಾದ ಕಂಡಿಗಳನ್ನು ಬಿಟ್ಟಿದ್ದರು. ನನ್ನ ಮಟ್ಟಿಗೆ ಪಾಣಿಪತ್ತಿನ ಇಡೀ ಗುಟ್ಟು ಈ ಕಂಡಿಗಳಲ್ಲಿದೆ. ಕೋವಿಯವರನ್ನು ಕಾಯಲೆಂದು ಮಾತ್ರ ಗಾಡಿ ಕಟ್ಟಿದ್ದರೆ ಕಂಡಿ ಬೇಕಿರಲಿಲ್ಲ. ಕುದುರೆ ಹೊರಗೆ ಹೋಗಿ ಮತ್ತೆ ಒಳಗೆ ಬಂದು ದಣಿವಾರಿಸಿಕೊಳ್ಳಲು ಒಂದು ತಾತ್ಕಾಲಿಕ ಕೋಟೆಯನ್ನು ಬಯಲಲ್ಲೇ ಕಟ್ಟಿಕೊಂಡಿದ್ದರು.

ಆಮೇಲೆ ಕಾಯುವಿಕೆ. ಏಳೆಂಟು ದಿನ ಬಾಬರನ ಸವಾರರು ಲೋದಿಯ ಬಿಡಾರದ ಹತ್ತಿರ ಹೋಗಿ ಬಾಣ ಬಿಟ್ಟು ಕೆಣಕಿದರು. ಇಬ್ರಾಹಿಂ ಅಲುಗಲಿಲ್ಲ. ಕೊನೆಗೆ ಒಂದು ರಾತ್ರಿ ನಾಲ್ಕೈದು ಸಾವಿರ ಜನರ ದಾಳಿಯೂ ಹೋಯಿತು, ಅದು ಕೈಗೂಡಲಿಲ್ಲ. ಮರುದಿನದ ಮುಂಜಾವಿಗೆ ಲೋದಿಯ ಸೇನೆ ಹೊರಟಿತು. ಬಾಬರನ ಅಂದಾಜಿನಲ್ಲಿ ಅದು ಒಂದು ಲಕ್ಷ ಜನ, ಸಾವಿರ ಆನೆ. ತನ್ನದು ಚಾಕರರೂ ಸೇರಿ 12,000 ಎಂದು ಅವನು ಬರೆಯುತ್ತಾನೆ. ಗೆದ್ದವನು ಕೊಟ್ಟ ಅಂಕಿಗಳನ್ನು ಹಾಗೇ ನಂಬಬೇಕಿಲ್ಲ, ಆದರೆ ಅಂತರ ದೊಡ್ಡದಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ದೂರದಿಂದ ಎಲ್ಲೂ ನಿಲ್ಲದೆ ರಭಸದಿಂದ ಬಂದ ಆ ಸೇನೆ ಗಾಡಿಗಳ ಸಾಲನ್ನು ಕಂಡು ತಡವರಿಸಿತು. ನಿಲ್ಲಬೇಕೋ ನುಗ್ಗಬೇಕೋ ತಿಳಿಯಲಿಲ್ಲ. ಮುಂದಿನವರು ನಿಂತರು, ಹಿಂದಿನವರು ಒತ್ತಿದರು. ಆ ಹೊತ್ತಿಗೆ ಎರಡೂ ತುದಿಗಳಲ್ಲಿ ಕಾದಿದ್ದ ಸವಾರ ತುಕಡಿಗಳು ಸುತ್ತಿ ಬಳಸಿ ಹಿಂದಿನಿಂದ ಬಾಣದ ಮಳೆಗರೆದವು. ‘ತುಲುಗ್ಮಾ’ ಎಂದು ಮಧ್ಯ ಏಷ್ಯಾದವರು ಕರೆಯುತ್ತಿದ್ದ ಹಳೆಯ ಅಲೆಮಾರಿ ತಂತ್ರ ಇದು. ಬಾಬರ್ ಯೌವನದಲ್ಲಿ ಉಜ್ಬೇಕರಿಂದ ಇದೇ ಪೆಟ್ಟು ತಿಂದಿದ್ದ. ನಡುವಿನಿಂದ ಉಸ್ತಾದ್ ಅಲಿ ಕುಲಿ, ಎಡದಿಂದ ಮುಸ್ತಫಾ ತೋಪು ಹಾರಿಸಿದರು. ಹೊತ್ತು ಏರಿದಾಗ ಶುರುವಾದ ಕದನ ನಡುಹಗಲಿಗೆ ಮುಗಿದಿತ್ತು. ಇಬ್ರಾಹಿಂ ಅಲ್ಲೇ ಬಿದ್ದ, ಅವನ ಗೋರಿ ಪಾಣಿಪತ್ತಿನಲ್ಲೇ ಇದೆ.

ಅಂದು ಯಾವ ಆಯುಧ ಎಷ್ಟು ಜನರನ್ನು ಕೊಂದಿತು ಎಂದು ಲೆಕ್ಕ ಹಾಕಿದರೆ ಬಹುಶಃ ಬಾಣವೇ ಮುಂದಿರುತ್ತದೆ. ಮದ್ದು ಶತ್ರುವನ್ನು ಒಂದು ಕಡೆ ನಿಲ್ಲಿಸಿತು, ಕುದುರೆ ಅವನನ್ನು ಸುತ್ತಿತು. ತೋಪು ತಂದವನೇ ತೈಮೂರನ ಮತ್ತು ಚೆಂಗೀಸನ ರಕ್ತದವನು, ಅಲೆಮಾರಿ ಯುದ್ಧವಿದ್ಯೆಯಲ್ಲಿ ಬೆಳೆದವನು. ಅಲೆಮಾರಿಗಳು ಒಂದು ಪಕ್ಷ, ಮದ್ದು ಇನ್ನೊಂದು ಪಕ್ಷ ಎಂದು ಆಟಗಳು ಎಳೆಯುವ ಗೆರೆ ಇಲ್ಲಿ ನಿಲ್ಲುವುದಿಲ್ಲ.

ಆರು ವರ್ಷ ಮೊದಲು, ರಾಯಚೂರಿನಲ್ಲಿ

ಕನ್ನಡ ಓದುಗರು ಇಷ್ಟರಲ್ಲಿ 1520ರ ರಾಯಚೂರನ್ನು ನೆನೆದಿರಬಹುದು. ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಎದುರಾದಾಗ ಫಿರಂಗಿಗಳ ಬಲ ಹೆಚ್ಚಾಗಿದ್ದದ್ದು ಬಿಜಾಪುರದ ಕಡೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಬರೆದಿಟ್ಟ ವಿವರದಂತೆ ಬಿಜಾಪುರದ ತೋಪುಗಳು ಒಟ್ಟಿಗೆ ಸಿಡಿದಾಗ ವಿಜಯನಗರದ ಮುಂಪಡೆ ಮುರಿಯಿತು. ರಾಯನು ಹಿಂದಿದ್ದ ಪಡೆಯನ್ನು ಹುರಿದುಂಬಿಸಿ ತಾನೇ ಮುನ್ನುಗ್ಗಿದ. ತೋಪುಗಳಿಗೆ ಮತ್ತೆ ಮದ್ದು ತುಂಬುವ ಬಿಡುವು ಆ ದಿನದ ತೀರ್ಪು ಬರೆಯಿತು ಎಂದು ಇತಿಹಾಸಕಾರ ರಿಚರ್ಡ್ ಈಟನ್ ವಿವರಿಸಿದ್ದಾರೆ. ಬಿಜಾಪುರದ ಸೇನೆ ಕೃಷ್ಣೆಯ ಕಡೆ ಓಡಿತು, ತೋಪುಗಳು ರಾಯನ ಕೈಸೇರಿದವು.

ಆಮೇಲೆ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಚಿತ್ರ ಬದಲಾಯಿತು. ಕ್ರಿಸ್ಟೊವಾವೊ ಡಿ ಫಿಗ್ಯುರೆಡೊ ಎಂಬ ಪೋರ್ಚುಗೀಸನೂ ಅವನ ಜೊತೆಗಾರರೂ ಗೋಡೆಯ ಮೇಲೆ ತಲೆ ಎತ್ತಿದವರನ್ನು ಕೋವಿಯಿಂದ ಹೊಡೆದು ಕೆಡವಿದರು. ಕೆಳಗೆ ರಾಯನ ಜನ ಗೋಡೆಯ ಕಲ್ಲು ಕೀಳಲು ಇದರಿಂದ ಅವಕಾಶವಾಯಿತು. ಬಯಲಿನಲ್ಲಿ ಸೋತ ಮದ್ದು ಮುತ್ತಿಗೆಯಲ್ಲಿ ಗೆದ್ದದ್ದು ಒಂದೇ ದಂಡಯಾತ್ರೆಯೊಳಗೆ.

ಪಾಣಿಪತ್ತಿಗೂ ರಾಯಚೂರಿಗೂ ಇರುವ ವ್ಯತ್ಯಾಸ ತೋಪಿನ ಗುಣಮಟ್ಟದ್ದಲ್ಲ. ಬಿಜಾಪುರದವರ ತೋಪುಗಳ ಮುಂದೆ ನುಗ್ಗಿ ಬಂದವರನ್ನು ತಡೆಯುವ ಗಾಡಿಸಾಲು ಇರಲಿಲ್ಲ.

ಹುಲ್ಲು, ಹಣ, ಮಳೆ

ಆಟದ ಕುದುರೆಗೆ ಹಸಿವಿಲ್ಲ. ನಿಜದ ಕುದುರೆ ತಿನ್ನುತ್ತದೆ, ಮತ್ತು ಹುಲ್ಲುಗಾವಲಿನ ಅಲೆಮಾರಿ ಸವಾರನಿಗೆ ಒಂದೇ ಕುದುರೆ ಸಾಲದು. ಒಂದು ದಣಿದಾಗ ಏರಲು ಇನ್ನೊಂದು, ಮತ್ತೊಂದು ಬೇಕು. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಇದು ಸಲೀಸು. ಉತ್ತು ಬಿತ್ತಿದ ಯಮುನೆಯ ಬಯಲಿನಲ್ಲಿ ಅಷ್ಟು ಮೇವು ಹೊಂದಿಸುವುದೇ ಒಂದು ಯುದ್ಧ.

ದೆಹಲಿಗೆ ಬಂದ ಸವಾರ ಸೇನೆಗಳು ಎಷ್ಟು ದಿನ ನಿಂತವು ನೋಡಿ. 1303ರಲ್ಲಿ ತರ್ಗಿಯ ಮಂಗೋಲರು ದೆಹಲಿಯ ಸಿರಿಯ ಬಳಿ ಸುಲ್ತಾನ ಅಲಾವುದ್ದೀನ್ ಖಿಲ್ಜಿಯನ್ನು ಸುಮಾರು ಎರಡು ತಿಂಗಳು ಮುತ್ತಿ ಹಿಂತಿರುಗಿದರು. 1398ರ ಡಿಸೆಂಬರಿನಲ್ಲಿ ದೆಹಲಿ ಗೆದ್ದ ತೈಮೂರ್ ಊರಲ್ಲಿದ್ದದ್ದು ಸುಮಾರು 15 ದಿನ. 1739ರ ಮಾರ್ಚಿನಲ್ಲಿ ಒಳಬಂದ ಇರಾನಿನ ನಾದಿರ್ ಶಾಹ್ ಎರಡು ತಿಂಗಳೊಳಗೆ ಹೊರಟ. ಬಾಬರ್ ನಿಂತ, ಆದರೆ ಅವನ ಸರದಾರರು ಸೆಕೆ ತಾಳಲಾರದೆ ಕಾಬೂಲಿಗೆ ಹೋಗೋಣವೆಂದು ಹಟ ಹಿಡಿದರು, ಆಪ್ತನಾಗಿದ್ದ ಖ್ವಾಜಾ ಕಲಾನ್ ಹೊರಟೇ ಹೋದ.

ಮಳೆಯ ವಿಷಯದಲ್ಲಿ ಬಾಬರನ ಸಾಕ್ಷ್ಯ ಬಲು ಸ್ಪಷ್ಟ. ಹಿಂದೂಸ್ತಾನದ ಮಳೆಗಾಲದ ಗಾಳಿಗೆ ತಮ್ಮ ನಾಡಿನ ಬಿಲ್ಲುಗಳು ಕೆಟ್ಟು ಎಳೆಯಲೂ ಬಾರದಂತಾಗುತ್ತವೆ, ಕವಚ, ಪುಸ್ತಕ, ಬಟ್ಟೆಗಳೂ ಹಾಳಾಗುತ್ತವೆ ಎಂದು ಅವನು ಬೇಸರದಿಂದ ಬರೆಯುತ್ತಾನೆ. ತೇವಕ್ಕೆ ಅಂಟು ಬಿಡುವ ಬಿಲ್ಲು ಒಂದು ಕಡೆ, ತೇವಕ್ಕೆ ಬತ್ತಿ ಆರುವ ಕೋವಿ ಇನ್ನೊಂದು ಕಡೆ. ಇವರಿಬ್ಬರ ಕದನವನ್ನು ಆಷಾಢದಲ್ಲಿ ಇಡುವ ಆಟವೊಂದನ್ನು ನಾನಿನ್ನೂ ನೋಡಿಲ್ಲ, ನೋಡಲು ಆಸೆಯಿದೆ.

ಕುದುರೆಯ ಬೆಲೆಯೂ ಲೆಕ್ಕಕ್ಕೆ ಬರಬೇಕು. ಭಾರತದ ಹವೆಗೆ ಒಳ್ಳೆಯ ಯುದ್ಧದ ಕುದುರೆ ಬೆಳೆಯುವುದು ಕಷ್ಟ. ವರ್ಷಕ್ಕೆ ಏಳು, ಎಂಟು, ಹತ್ತು ಸಾವಿರ ಕುದುರೆಗಳು ಕಾಬೂಲಿಗೆ ಮಾರಾಟಕ್ಕೆ ಬರುತ್ತಿದ್ದವು ಎಂದು ಬಾಬರ್ ಹೇಳಿದರೆ, ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ನುನಿಜ್ ಹೇಳುತ್ತಾನೆ. ಅಲಾವುದ್ದೀನ್ ಖಿಲ್ಜಿ ದೆಹಲಿಯ ಪೇಟೆಯಲ್ಲಿ ಕುದುರೆಗೆ ದರ ಗೊತ್ತು ಮಾಡಿ, ತೋರಿಸಿದ ಕುದುರೆಯನ್ನೇ ಮತ್ತೆ ಮತ್ತೆ ತೋರಿಸಿ ಸಂಬಳ ಎತ್ತದಂತೆ ಬರೆ ಹಾಕಿಸಿದ. ಮಂಗೋಲರನ್ನು ತಡೆದದ್ದರಲ್ಲಿ ಕತ್ತಿಯ ಪಾಲಿನಷ್ಟೇ ಈ ಪೇಟೆಯ ಕಟ್ಟುಪಾಡಿನ ಪಾಲೂ ಇದೆ. ದಕ್ಷಿಣದ ಮತ್ತು ದೆಹಲಿಯ ಅರಸರಿಗೆ ಕುದುರೆಯೇ ದುಬಾರಿ ಆಮದು. ಅಲೆಮಾರಿಗೆ ಅದು ಮನೆಯ ಬೆಳೆ. ಆಟದಲ್ಲಿ ಎಲ್ಲರಿಗೂ ಕುದುರೆ ಒಂದೇ ಬೆಲೆಗೆ ಸಿಕ್ಕರೆ ಅಲ್ಲಿಂದಲೇ ತೂಕ ತಪ್ಪುತ್ತದೆ.

ಒಂಟೆಯ ಬೆನ್ನೇರಿದ ತೋಪು

ತೋಪು ಭಾರ, ಕುದುರೆ ಹಗುರ. ಹಗುರವಾದದ್ದು ಭಾರವಾದದ್ದನ್ನು ದಾರಿಯಲ್ಲೇ ಹಿಡಿಯಬಹುದು. 1556ರ ನವೆಂಬರಿನಲ್ಲಿ ಹೇಮು ಹೀಗೆ ನಷ್ಟ ಅನುಭವಿಸಿದ. ಮುಂದಾಗಿ ಕಳಿಸಿದ್ದ ಅವನ ತೋಪುಗಳನ್ನು ಅಕ್ಬರನ ಮುಂಪಡೆಯ ಸವಾರರು ಪಾಣಿಪತ್ತಿನ ಎರಡನೆಯ ಕದನಕ್ಕೆ ಮೊದಲೇ ವಶಪಡಿಸಿಕೊಂಡರು. ಆನೆಗಳ ಬಲದಿಂದ ಗೆಲ್ಲುವ ಹಂತಕ್ಕೆ ಬಂದಿದ್ದವನು ಕಣ್ಣಿಗೆ ಬಾಣ ನೆಟ್ಟು ಸೋತ. ಮಂಗುದಾಯ್‌ಗೆ ತೋಪಿನ ಮೇಲೆ ಹೆಚ್ಚುವರಿ ಅಂಕ ಕೊಟ್ಟವರ ಲೆಕ್ಕ ತಪ್ಪಲ್ಲ.

ಈ ಭಾರಕ್ಕೆ ಅಲೆಮಾರಿ ಜಗತ್ತೇ ಒಂದು ಪರಿಹಾರ ಕಂಡುಕೊಂಡಿತು. ‘ಜಂಬೂರಕ್’ ಎಂದರೆ ಒಂಟೆಯ ಜೀನಿನ ಮೇಲೆ ತಿರುಗುವಂತೆ ಕೂರಿಸಿದ ಸಣ್ಣ ತೋಪು. ಒಂಟೆಯನ್ನು ಮಂಡಿಯೂರಿಸಿ ಹಾರಿಸುವುದು, ಮತ್ತೆ ಎಬ್ಬಿಸಿ ಬೇರೆಡೆ ಓಡುವುದು. 1739ರ ಫೆಬ್ರವರಿ 24ರಂದು ಕರ್ನಾಲಿನಲ್ಲಿ ನಾದಿರ್ ಶಾಹ್ ಇವನ್ನೂ ಜಜಾಯಿರ್ ಎಂಬ ಉದ್ದ ಕೋವಿಗಳನ್ನೂ ಮರೆಯಲ್ಲಿ ನಿಲ್ಲಿಸಿ, ಹಗುರ ಸವಾರರಿಂದ ಮೊಘಲ್ ಸರದಾರರನ್ನು ಕೆಣಕಿ ಹೊರಗೆಳೆದ. ಮೊಘಲ್ ಬಾದಶಹ ಮುಹಮ್ಮದ್ ಶಾಹನ ಭಾರಿ ತೋಪುಗಳು ಕಂದಕದ ಹಿಂದೆ ಬಿಡಾರದಲ್ಲೇ ಉಳಿದವು. ಅವನ ಸರದಾರರಲ್ಲಿ ಸಾದತ್ ಖಾನ್ ಸೆರೆಸಿಕ್ಕ, ಖಾನ್ ದೌರಾನ್ ಗಾಯಗೊಂಡು ಸತ್ತ. ದೊಡ್ಡ ತೋಪು ಇದ್ದವನು ಸೋತ, ತೋಪನ್ನು ಓಡಿಸಬಲ್ಲವನು ಗೆದ್ದ.

‘ಏಜ್ ಆಫ್ ಎಂಪೈರ್ಸ್ 3’ರ ಭಾರತೀಯ ಪಕ್ಷದಲ್ಲಿ ಜಂಬೂರಕ್ ಇದೆ, ಕುದುರೆಗಳನ್ನು ಹೊಡೆಯುವ ಆಯುಧವಾಗಿ. ಅದು ಸಣ್ಣ ಪಾತ್ರ. ಈ ಬಯಲಿನಲ್ಲಿ ಅದರ ಪಾತ್ರ ದೊಡ್ಡದು.

1761ರ ಜನವರಿ 14ರ ಪಾಣಿಪತ್ತಿನ ಮೂರನೆಯ ಕದನದಲ್ಲೂ ಅಫ್ಘನ್ ದೊರೆ ಅಹ್ಮದ್ ಶಾಹ್ ಅಬ್ದಾಲಿಯ ಕಡೆ ಜಂಬೂರಕ್‌ಗಳಿದ್ದವು. ಮರಾಠರ ಕಡೆ ಇಬ್ರಾಹಿಂ ಖಾನ್ ಗಾರ್ದಿ, ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಕಾಲಾಳುಗಳು, ಒಳ್ಳೆಯ ತೋಪುಗಳು. ಆಯುಧಗಳ ಪಟ್ಟಿ ಮಾತ್ರ ನೋಡಿದರೆ ಮರಾಠರದ್ದೇ ಮೇಲುಗೈ. ಆದರೆ ಕದನದ ಬೀಜ ಬಿದ್ದದ್ದು ಹಿಂದಿನ ವರ್ಷದ ಅಕ್ಟೋಬರ್ 25ರಂದು, ಅಬ್ದಾಲಿಯ ಸೇನೆ ಬಾಗ್‌ಪತ್ ಬಳಿ ತುಂಬಿದ ಯಮುನೆಯನ್ನು ದಾಟಿ ದೆಹಲಿಯ ದಾರಿಗೆ ಅಡ್ಡ ನಿಂತಾಗ. ಮರಾಠರ ದಂಡನಾಯಕ ಸದಾಶಿವರಾವ್ ಭಾವು ಪಾಣಿಪತ್ತಿನ ಸುತ್ತ ಕಂದಕ ತೋಡಿ ಕೂತ. ಅಫ್ಘನ್ ಸವಾರರು ಕಾಳಿನ ದಾರಿ ಕಡಿದರು, ದವಸ ಕಳಿಸುತ್ತಿದ್ದ ಗೋವಿಂದ ಪಂತ್ ಬುಂದೇಲೆಯನ್ನು ಕೊಂದರು. ಎರಡು ತಿಂಗಳ ನಂತರ ಹೊರಬಂದದ್ದು ಹಸಿದ ಸೇನೆ.

ಆ ದಿನವೂ ಗಾರ್ದಿಯ ಪಡೆ ಎದುರಿನ ರೋಹಿಲ್ಲರನ್ನು ಹಿಂದೊತ್ತಿತು. ಆದರೆ ಪಕ್ಕದ ಸವಾರ ಸರದಾರರು ಕಾಯದೆ ಮುನ್ನುಗ್ಗಿ ತಮ್ಮದೇ ತೋಪುಗಳ ಬಾಯಿಗೆ ಅಡ್ಡ ಬಂದರು ಎಂದು ಕದನದ ವಿವರಗಳು ಹೇಳುತ್ತವೆ. ಮಧ್ಯಾಹ್ನ ಅಬ್ದಾಲಿ ಉಳಿಸಿಟ್ಟುಕೊಂಡಿದ್ದ ಹೊಸ ಸವಾರರನ್ನು ಇಳಿಸಿದ. ಮರಾಠರ ಬಳಿ ಉಳಿಸಿಟ್ಟ ಪಡೆ ಇರಲಿಲ್ಲ.

ಹಾಗಾದರೆ ಆಟ ಹೇಗಿರಬೇಕು?

ಆನ್‌ಲೈನಿನಲ್ಲಿ ಎರಡೂ ಪಕ್ಷಗಳಿಗೆ ಗೆಲ್ಲುವ ಅವಕಾಶ ಹೆಚ್ಚುಕಡಿಮೆ ಸಮನಾಗಿರಬೇಕು. ಅದಕ್ಕಾಗಿ ಕಂಪನಿಗಳು ಆಗಾಗ ಪ್ಯಾಚ್ ಬಿಡುಗಡೆ ಮಾಡಿ ಅಂಕಗಳನ್ನು ತಿದ್ದುತ್ತವೆ. ಕೋವಿಗೆ ಒಂದು ಅಂಕ ಕಡಿಮೆ, ಕುದುರೆಗೆ ಐದು ಅಂಕ ಹೆಚ್ಚು. ಈ ತಿದ್ದುಪಡಿ ಬೇಡ ಎನ್ನಲಾರೆ. ಆದರೆ ಪೆಟ್ಟಿನ ಅಂಕವನ್ನು ಮಾತ್ರ ತಿದ್ದುತ್ತಿದ್ದರೆ ಆ ಇಬ್ಬರು ಹುಡುಗರ ಜಗಳ ಮುಗಿಯುವುದಿಲ್ಲ.

ಕೋವಿ ಬರಿ ಬಯಲಲ್ಲಿ ದುರ್ಬಲವಾಗಿರಲಿ, ಗಾಡಿ, ಕಂದಕ, ಮನೆಗೋಡೆಯ ಹಿಂದೆ ಭಯಂಕರವಾಗಲಿ. ಆ ಗಾಡಿಸಾಲು ಕಟ್ಟಲು ಆಟಗಾರ ಸಮಯ ಕೊಡಬೇಕಾಗಲಿ, ಮತ್ತು ಕಂಡಿ ಎಲ್ಲಿ ಬಿಡಬೇಕು ಎಂಬುದನ್ನು ಅವನೇ ಗೊತ್ತು ಮಾಡಲಿ. ಕುದುರೆಯ ಎದುರಾಳಿ ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಕ್ಯಾಲೆಂಡರ್ ಆಗಿರಲಿ: ಮೇವು ಮುಗಿದರೆ, ಮೋಡ ಕಟ್ಟಿದರೆ ಸವಾರ ಸೇನೆ ಕರಗಲಿ. ಪಾಣಿಪತ್ತಿನ ದೃಶ್ಯವನ್ನು ಏಪ್ರಿಲ್ 21ರ ಬೆಳಿಗ್ಗೆ ಶುರು ಮಾಡದೆ 12ರಿಂದ ಶುರು ಮಾಡಿದರೆ, ಇಬ್ರಾಹಿಂ ಲೋದಿಯ ಪಕ್ಷ ಹಿಡಿದವನಿಗೂ ಗೆಲ್ಲುವ ದಾರಿ ತೆರೆಯುತ್ತದೆ. ಅವನು ಗಾಡಿಸಾಲಿಗೆ ಹೋಗಿ ಬಡಿಯದೆ, ಕಾಬೂಲಿನಿಂದ ಬಂದ ಸಣ್ಣ ಸೇನೆಯ ಮೇವನ್ನು ಕಾದು ಮುಗಿಸಬಹುದು. ಇವೆಲ್ಲಕ್ಕಿಂತ ಮೊದಲು, ಅಲೆಮಾರಿ ಪಕ್ಷಕ್ಕೆ ಮದ್ದಿನ ಬಾಗಿಲನ್ನು ಮುಚ್ಚಬಾರದು. ಅವರು ಕೋವಿ ಕೊಂಡರೆ ಅದನ್ನು ಕುದುರೆಯ ಜೊತೆ ಹೇಗೆ ಹೊಂದಿಸುತ್ತಾರೆ ಎಂಬುದೇ ಆಟದ ಸೊಗಸು.

ಪಟ್‌ಪರ್‌ಗಂಜಿನ ಹಿಮ್ಮೆಟ್ಟು

ಯಾವ ಆಟವೂ ಇನ್ನೂ ಸರಿಯಾಗಿ ಹಿಡಿಯದ ಒಂದು ತಂತ್ರ ಉಳಿದಿದೆ. 1299ರಲ್ಲಿ ದೆಹಲಿಯ ಹತ್ತಿರದ ಕಿಲಿಯಲ್ಲಿ ಮಂಗೋಲರು ಹಿಮ್ಮೆಟ್ಟಿದಾಗ ಅಲಾವುದ್ದೀನನ ಮಹಾವೀರ ಜಫರ್ ಖಾನ್ ಅವರನ್ನು 18 ಕೋಸ್ ದೂರ ಬೆನ್ನಟ್ಟಿ ಹೋದ ಎಂದು ಚರಿತ್ರೆಕಾರ ಬರನಿ ಬರೆದಿದ್ದಾನೆ. ದಾರಿಯಲ್ಲಿ ಹೊಂಚಿದ್ದ ತರ್ಗಿಯ ಪಡೆ ಅವನನ್ನು ಹಿಂದಿನಿಂದ ಮುಚ್ಚಿತು. ಅವನು ಮರಳಲಿಲ್ಲ. ಸುಳ್ಳೇ ಓಡುವುದು, ಬೆನ್ನಟ್ಟಿ ಬಂದವನನ್ನು ಚದುರಿಸಿ ಕೊಲ್ಲುವುದು ಹುಲ್ಲುಗಾವಲಿನ ಅತಿ ಹಳೆಯ ವಿದ್ಯೆ.

ಇದೇ ವಿದ್ಯೆ 504 ವರ್ಷಗಳ ನಂತರ ಯಮುನೆಯ ಆಚೆ ದಡದಲ್ಲಿ ಮತ್ತೆ ಕಾಣಿಸಿತು, ಕೆಂಪು ಕೋಟಿನವರ ಕೈಯಲ್ಲಿ. 1803ರ ಸೆಪ್ಟೆಂಬರ್ 11ರಂದು ಪಟ್‌ಪರ್‌ಗಂಜ್ ಬಳಿ ದೌಲತ್‌ರಾವ್ ಸಿಂಧಿಯಾನ ಸೇನೆ ಫ್ರೆಂಚ್ ಅಧಿಕಾರಿ ಲೂಯಿ ಬೂರ್ಕ್ವಾಂ ಕೈಕೆಳಗೆ ತೋಪುಗಳ ಸಾಲು ಹೂಡಿ ಭದ್ರವಾಗಿ ಕೂತಿತ್ತು. ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಜೆರಾರ್ಡ್ ಲೇಕ್ ನೇರವಾಗಿ ನುಗ್ಗಿದ್ದರೆ ಆ ತೋಪುಗಳು ಅವನನ್ನು ನುಂಗುತ್ತಿದ್ದವು. ಅವನು ತನ್ನ ಸವಾರರಿಗೆ ಹಿಂದೆ ಸರಿಯಲು ಹೇಳಿದ. ಓಡುತ್ತಿದ್ದಾರೆಂದು ನಂಬಿದ ಸಿಂಧಿಯಾನ ಸೈನಿಕರು ತೋಪುಗಳನ್ನೂ ಎಳೆದುಕೊಂಡು ತಮ್ಮ ಭದ್ರ ನೆಲೆ ಬಿಟ್ಟು ಹೊರಬಂದರು. ಸವಾರರು ಇಬ್ಭಾಗವಾಗಿ ದಾರಿ ಬಿಟ್ಟಾಗ ಅವರ ಹಿಂದಿದ್ದ ಕಂಪನಿಯ ಕಾಲಾಳುಗಳು ಬಂದೂಕಿನ ಸನೀನು ಹಿಡಿದು ಎದುರಾದರು. ಕೆಲವೇ ದಿನಗಳಲ್ಲಿ ಲೇಕ್ ದೆಹಲಿಯೊಳಗೆ ಶಾಹ್ ಆಲಂ ಬಾದಶಹನ ಎದುರು ನಿಂತಿದ್ದ. ಆ ಕದನದ ನೆನಪಿನ ಕಂಬ ಇಂದು ನೋಯ್ಡಾದ ಗಾಲ್ಫ್ ಮೈದಾನದೊಳಗಿದೆ.

‘ಯುರೋಪಾ ಯೂನಿವರ್ಸಾಲಿಸ್ 4’ರ ಕ್ಯಾಲೆಂಡರ್ ಈ ದಿನವನ್ನೂ ದಾಟಿ ಹೋಗುತ್ತದೆ. 1444ರಲ್ಲಿ ತೈಮೂರಿ ಸವಾರರೊಂದಿಗೆ ಹೊರಟ ಆಟಗಾರ ತಾಳ್ಮೆಯಿಂದ ಆಡಿದರೆ ಪಟ್‌ಪರ್‌ಗಂಜಿನ ಕಾಲಕ್ಕೂ ಬಂದು ಮುಟ್ಟಬಹುದು. ಆದರೆ ಕದನದ ನಡುವೆ ಸವಾರರಿಗೆ ಸುಳ್ಳೇ ಓಡಿರಿ ಎಂದು ಹೇಳುವ ಗುಂಡಿ ಆ ಆಟದಲ್ಲಿಲ್ಲ. ಮುಂದಿನ ಆಟದಲ್ಲಾದರೂ ಅದನ್ನು ಕೊಟ್ಟು, ಬೆನ್ನಟ್ಟಬೇಕೋ ನೆಲೆ ಬಿಡದೆ ನಿಲ್ಲಬೇಕೋ ಎಂಬ ತೀರ್ಮಾನವನ್ನು ಎದುರಿನ ಕೋವಿಯವನಿಗೆ ಬಿಡಬೇಕು.